ಡಕೋಟಾ ವಿಮಾನವನ್ನು ಹತ್ತಿರದಿಂದ ನೋಡಲು ನಾನು ಹಿಡಿಯುವ ಕ್ರಮ

ಏರ್‌ಶೋಗೆ ಬಂದವರಲ್ಲಿ ಹೆಚ್ಚಿನವರು ಹಾರಾಟ ಮುಗಿದ ಮೇಲೆ ನಿಂತ ವಿಮಾನಗಳ ಕಡೆ ಬರುತ್ತಾರೆ. ನಾನು ಗೇಟ್ ತೆಗೆದ ಕೂಡಲೇ ಅಲ್ಲಿಗೇ ಹೋಗುತ್ತೇನೆ. ಹಾರಲಿರುವ ಹಳೆಯ ವಿಮಾನಕ್ಕೆ ಇಂಧನ ತುಂಬಲು ಶುರುಮಾಡಿದರೆಂದರೆ ಸುತ್ತ ಹಗ್ಗ ಬೀಳುತ್ತದೆ, ಮತ್ತೆ ಹತ್ತಿರ ಬಿಡುವುದಿಲ್ಲ. ಬೆಳಗಿನ ಓರೆ ಬಿಸಿಲಿಗೆ ಒಂದೊಂದು ರಿವೆಟ್, ತಗ್ಗು, ತೇಪೆ ಎದ್ದು ಕಾಣುತ್ತದೆ ಅನ್ನುವುದು ಇನ್ನೊಂದು ಲಾಭ.

ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಡಕೋಟಾಗೆ, ಅಂದರೆ ಡಗ್ಲಸ್ ಸಿ-47 ಸಾಗಣೆ ವಿಮಾನಕ್ಕೆ. ಹತ್ತು ಸಾವಿರಕ್ಕೂ ಹೆಚ್ಚು ತಯಾರಾಗಿದ್ದರಿಂದ ಹಾರುವ ಸ್ಥಿತಿಯಲ್ಲಿ ಇನ್ನೂ ನೋಡಲು ಸಿಗುತ್ತದೆ. ರೆಕ್ಕೆಯ ಅಗಲ ಸುಮಾರು 29 ಮೀಟರ್. ಎರಡು ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್ ಎಂಜಿನ್, ಒಂದೊಂದಕ್ಕೂ 1,200 ಅಶ್ವಶಕ್ತಿ.

ಪೈಲಟ್ ಹಾರಾಟಕ್ಕೆ ಮುಂಚೆ ಸುತ್ತು ಹಾಕುವಂತೆಯೇ ನಾನೂ ಸುತ್ತುತ್ತೇನೆ. ಶುರು ಎಡಬದಿಯ ಹಿಂದಿನ ಬಾಗಿಲಿಂದ. ಅದು ಎರಡು ಹಲಗೆಯ ಸರಕಿನ ಬಾಗಿಲು. ಪ್ಯಾರಾಶೂಟ್ ಪಡೆಯವರು ಹಾರುತ್ತಿದ್ದ ಚಿಕ್ಕ ಬಾಗಿಲು ಅದರ ಮುಂದಿನ ಹಲಗೆಯೊಳಗೇ ಇದೆ. ಕಿಟಕಿ ಗಾಜಿನ ನಡುವೆ ಬಿರಡೆ ಹಾಕಿದ ದುಂಡು ತೂತು ಉಳಿದಿದೆಯೇ ನೋಡಿ. ಒಳಗಿನಿಂದ ಬಂದೂಕು ಚಾಚಲು ಮಾಡಿದ್ದದು. ದುರಸ್ತಿಯಲ್ಲಿ ಬಹಳ ಕಡೆ ಅದನ್ನು ಕಳೆದುಬಿಟ್ಟಿರುತ್ತಾರೆ.

ಬಾಲದ ಹತ್ತಿರ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕು. ರಡ್ಡರ್, ಎಲಿವೇಟರ್, ರೆಕ್ಕೆಯ ಏಲರಾನ್ ಇವು ವಿಮಾನವನ್ನು ತಿರುಗಿಸುವ, ಏರಿಳಿಸುವ, ವಾಲಿಸುವ ಹಲಗೆಗಳು; ಇವುಗಳ ಹೊದಿಕೆ ತಗಡಲ್ಲ, ಬಟ್ಟೆ. ಬೆರಳಿಂದ ಒತ್ತಿದರೂ ಬಣ್ಣದ ಪದರ ಬಿರಿಯಬಹುದು. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ. ತಿರುಗುವಾಗ ಹಾನಿ ಮಾಡುವುದು ಹೆಚ್ಚಾಗಿ ಅದೇ.

ಮೈಮೇಲೆ ಕಪ್ಪು ಬಿಳಿ ಪಟ್ಟೆಗಳಿದ್ದರೆ ಅವು 1944ರ ಜೂನ್‌ನ ನಾರ್ಮಂಡಿ ಕಾರ್ಯಾಚರಣೆಯ ಗುರುತು: ಮೂರು ಬಿಳಿ, ಎರಡು ಕಪ್ಪು. ಎರಡು ಎಂಜಿನ್ನಿನ ವಿಮಾನಕ್ಕೆ ಪಟ್ಟೆಯ ಅಗಲ 24 ಇಂಚು. ಆಗ ಅವಸರದಲ್ಲಿ ಬ್ರಷ್ ಹಿಡಿದು ಬಳಿದದ್ದರಿಂದ ಅಂಚು ಸೊಟ್ಟಗಿರುತ್ತಿತ್ತು. ಈಗ ಟೇಪ್ ಅಂಟಿಸಿ ಗೆರೆ ಕೊಯ್ದಂತೆ ಬಳಿಯುತ್ತಾರೆ. ಸೊಟ್ಟ ಅಂಚನ್ನು ಹಾಗೇ ಉಳಿಸಿದ ತಂಡದ ಮೇಲೆ ನನಗೆ ಗೌರವ ಹೆಚ್ಚು.

ಇನ್ನು ಎಂಜಿನ್. ಒಂದರ ಹಿಂದೊಂದು ಎರಡು ಸಾಲು, ಸಾಲಿಗೆ ಏಳರಂತೆ 14 ಸಿಲಿಂಡರ್. ಕೆಳಗೆ ಎಣ್ಣೆ ಹಿಡಿಯುವ ತಟ್ಟೆ ಇದ್ದರೆ ಗಾಬರಿ ಬೇಡ, ಸಿಲಿಂಡರ್‌ಗಳು ಚಕ್ರದ ಅರೆಗಳಂತೆ ಸುತ್ತ ಕೂತ ಇಂಥ ರೇಡಿಯಲ್ ಎಂಜಿನ್ ತೊಟ್ಟಿಕ್ಕುವುದು ಸಹಜ. ನಿಂತಲ್ಲೇ ನಿಂತಾಗ ಎಣ್ಣೆ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಎಣ್ಣೆ ಅದುಮಿಕೊಳ್ಳದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಸಿಬ್ಬಂದಿ ಮೊದಲು ಪ್ರೊಪೆಲರನ್ನು ಕೈಯಿಂದ ತಿರುಗಿಸುತ್ತಾರೆ. ಈ ಕೆಲಸ ನೋಡಲು ಕಾದು ನಿಲ್ಲಬಹುದು. ಗೇರ್ ಅನುಪಾತ 16:9, ಅಂದರೆ ಎಂಜಿನ್ 16 ಸುತ್ತು ತಿರುಗಿದರೆ ಪ್ರೊಪೆಲರ್ 9 ಸುತ್ತು, ಆದ್ದರಿಂದ ನಾಲ್ಕು ಅಲಗು ದಾಟಿಸುವಷ್ಟರಲ್ಲಿ ಎಲ್ಲ ಸಿಲಿಂಡರ್‌ಗಳೂ ಒಮ್ಮೆ ಅದುಮಿರುತ್ತವೆ, ಆದರೂ ಅದಕ್ಕಿಂತ ಹೆಚ್ಚೇ ತಿರುಗಿಸುತ್ತಾರೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕುವುದಿಲ್ಲ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಸುರಿಸುತ್ತಾರೆ.

ನಿಂತ ಪ್ರೊಪೆಲರ್ ಎದುರು ಫೋಟೋಕ್ಕೆ ನಿಲ್ಲುವವರಿಗೆ ಒಂದು ಮಾತು. ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಮ್ಯಾಗ್ನೆಟೊಗೆ ಬ್ಯಾಟರಿಯ ಹಂಗಿಲ್ಲ. ಅದನ್ನು ಆಫ್ ಮಾಡುವ ಅರ್ಥಿಂಗ್ ತಂತಿ ಕಡಿದಿದ್ದರೆ ಸ್ವಿಚ್ ಆಫ್ ಇದ್ದರೂ ಅಲಗು ಅಲುಗಿಸಿದಾಗ ಕಿಡಿ ಹಾರಿ ಎಂಜಿನ್ ಒದೆಯಬಹುದು. ಅಲಗು ತಿರುಗುವ ವೃತ್ತದೊಳಗೆ ನಿಲ್ಲಬೇಡಿ, ಮಕ್ಕಳನ್ನಂತೂ ನಿಲ್ಲಿಸಲೇಬೇಡಿ.

ಒಳಗೆ ಬಿಟ್ಟರೆ ಮೆತ್ತನೆ ಅಡಿಯ ಶೂ ಇರಲಿ. ವಿಮಾನ ಬಾಲದ ಚಕ್ರದ ಮೇಲೆ ಕೂತಿರುವುದರಿಂದ ನೆಲ ಕಾಕ್‌ಪಿಟ್ ಕಡೆಗೆ ಏರುತ್ತದೆ; ಹತ್ತುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು ಜಾರುತ್ತದೆ.

ಹಾರಾಟದ ಹೊತ್ತಿಗೆ ಸೂರ್ಯ ಬೆನ್ನಿಗಿರುವ ಕಡೆ ನಿಲ್ಲುತ್ತೇನೆ, ಕಿವಿಗೆ ಫೋಮ್ ಪ್ಲಗ್. ಕ್ಯಾಮೆರಾದಲ್ಲಿ ಎಲ್ಲರೂ ಎಡವುವುದು ಷಟರ್ ಸ್ಪೀಡ್‌ನಲ್ಲಿ. ಟೇಕಾಫ್‌ಗೆ ಎಂಜಿನ್ 2,700 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತಿರುಗಿದರೆ ಪ್ರೊಪೆಲರ್ ತಿರುಗುವುದು ಸುಮಾರು 1,500. 1/1000 ಸೆಕೆಂಡಿನಲ್ಲಿ ಅಲಗು ಸರಿಯುವುದು 9 ಡಿಗ್ರಿ ಮಾತ್ರ, ಹಾಗಾಗಿ ಚಿತ್ರದಲ್ಲಿ ಎಂಜಿನ್ ಕೆಟ್ಟು ನಿಂತಂತೆ ಕಾಣುತ್ತದೆ. 1/125ಕ್ಕೆ 70 ಡಿಗ್ರಿ ದಾಟುತ್ತದೆ, ಅಲಗು ಹದವಾಗಿ ಮಸುಕಾಗುತ್ತದೆ. ನೆಲದ ಮೇಲೆ ನಿಧಾನವಾಗಿ ಓಡುವಾಗ 1/60ಕ್ಕೆ ಇಳಿಸಿ. ಮಧ್ಯಾಹ್ನ ಕಾದ ಕಾಂಕ್ರೀಟಿನ ಮೇಲಿನ ಬಿಸಿಗಾಳಿಗೆ ದೂರದ ಚಿತ್ರ ಕಲಕಿಹೋಗುತ್ತದೆ. ಯಾವ ಲೆನ್ಸೂ ಅದನ್ನು ಸರಿಮಾಡದು.

ಓಡುವ ಮುನ್ನ ರನ್‌ವೇ ತುದಿಯಲ್ಲಿ ಎಂಜಿನ್ ಏರಿಸಿದಾಗ ಕಿವಿಗೊಡಿ. ಸಿಲಿಂಡರಿಗೆ ಎರಡು ಪ್ಲಗ್, ಎಂಜಿನ್ನಿಗೆ ಎರಡು ಮ್ಯಾಗ್ನೆಟೊ. ಒಂದೊಂದನ್ನೇ ಆರಿಸಿ ನೋಡುವಾಗ ಸದ್ದು ತುಸು ಕುಸಿದು ಮತ್ತೆ ಏಳುತ್ತದೆ. ಸುಮಾರು 100 ಆರ್‌ಪಿಎಂ ಒಳಗಿನ ಇಳಿತ ಸರಿ. ಕುಸಿದಾಗ ಸದ್ದು ಒಡೆದು ಎಂಜಿನ್ ನಡುಗಿದರೆ ಹೆಚ್ಚಾಗಿ ಪ್ಲಗ್‌ಗೆ ಎಣ್ಣೆ ಹಿಡಿದಿದೆ ಎಂದರ್ಥ, ವಿಮಾನ ಹಾರದೆ ವಾಪಸು ಬರುತ್ತದೆ. ಜನ ಬೇಸರದಿಂದ ಚದುರುವ ಆ ಹೊತ್ತಿಗೆ ನಾನು ಹಗ್ಗದ ಬಳಿ ಜಾಗ ಹಿಡಿಯುತ್ತೇನೆ: ಮೆಕ್ಯಾನಿಕ್‌ಗಳು ಏಣಿ ತಂದು ಎಂಜಿನ್ನಿನ ಹೊದಿಕೆ ಬಿಚ್ಚಿದಾಗ, ಬೆಳಗ್ಗೆ ಕಾಣದ ಹಿಂದಿನ ಸಾಲಿನ ಸಿಲಿಂಡರ್, ಎಕ್ಸಾಸ್ಟ್ ಕೊಳವೆ, ಪ್ಲಗ್ ತಂತಿ ಎಲ್ಲವೂ ಬೈನಾಕ್ಯುಲರ್‌ಗೆ ಚೆನ್ನಾಗಿ ಸಿಗುತ್ತವೆ.