ಕೆಂಪು ಬಸ್ಸಿನ ಮಾಡ್ ಮತ್ತು ಅದನ್ನು ಆಡುವವರು

ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಬಿಡುಗಡೆ ಮಾಡಿದ ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಲಾರಿ ಓಡಿಸುವ ಕಂಪ್ಯೂಟರ್ ಆಟದಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸನ್ನೂ ಓಡಿಸಬೇಕೆಂಬ ಆಸೆಯಿಂದ ನಾವು ಕೆಲವು ಗೆಳೆಯರು ಸೇರಿ, ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ, ಯಾವ ಸಂಬಳವೂ ಇಲ್ಲದೆ ಒಂದು ಮಾಡ್, ಅಂದರೆ ಆಟಕ್ಕೆ ಹೊರಗಿನವರು ಮಾಡಿ ಸೇರಿಸುವ ಭಾಗವೊಂದನ್ನು ಕಟ್ಟುತ್ತಿದ್ದೇವೆ. ತಂಡ ಇಂದಿಗೂ ಚೆದುರದೆ ಉಳಿದಿರುವುದಕ್ಕೆ ಅದನ್ನು ಆಡುವವರೇ ಕಾರಣ ಎಂದು ನಾನು ದೃಢವಾಗಿ ನಂಬಿದ್ದೇನೆ.

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಬಸ್ಸಿನ ಮೈಕಟ್ಟು ರೂಪಿಸುವಾಗ ಉತ್ಸಾಹಕ್ಕೆ ಕೊರತೆಯಿರುವುದಿಲ್ಲ. ಅದು ಬತ್ತುವುದು ಆಮೇಲೆ. ಆಟದ ಹೊಸ ಆವೃತ್ತಿ ಬಂದಾಗ, ನಿನ್ನೆಯವರೆಗೆ ಸರಿಯಾಗಿದ್ದ ಬಸ್ಸಿನ ಗಾಜು ಕಪ್ಪಾಗಬಹುದು, ಆಟವೇ ತೆರೆಯದಿರಬಹುದು. ಯಾರ ಕಣ್ಣಿಗೂ ಬೀಳದ ಈ ರಿಪೇರಿಯನ್ನು ಮತ್ತೆ ಮತ್ತೆ ಮಾಡಲು ‘ಸೂಪರ್’ ಎಂಬ ಹೊಗಳಿಕೆ ಸಾಲದು. ಆದರೆ ಆಟಗಾರರೊಬ್ಬರು ತಮ್ಮ ಉಳಿದ ಮಾಡ್‌ಗಳನ್ನೆಲ್ಲ ತೆಗೆದು, ಒಂದೊಂದಾಗಿ ಮರಳಿ ಸೇರಿಸಿ, ತೊಂದರೆ ಎಲ್ಲಿ ಹುಟ್ಟುತ್ತದೆಂದು ಪತ್ತೆಹಚ್ಚಿ, ಆಟ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಲಾಗ್ ಕಡತವನ್ನೂ ಜೊತೆಗೆ ಕಳುಹಿಸಿದಾಗ, ನಮ್ಮಷ್ಟೇ ಶ್ರದ್ಧೆಯಿಂದ ಈ ಬಸ್ಸನ್ನು ನೋಡುವವರು ಹೊರಗೂ ಇದ್ದಾರೆಂಬ ಧೈರ್ಯ ಬರುತ್ತದೆ.

ಚಾಲಕರೊಬ್ಬರ ಮಗ ತಂದೆಯ ಬಸ್ಸಿನ ಫೋಟೊಗಳನ್ನು ಕಳುಹಿಸಿದ್ದ. ಗೇರ್ ರಾಡಿನ ಗುಂಡು ಸವೆದು ಅಂಕಿಗಳು ಅಳಿಸಿಹೋಗಿದ್ದವು. ಮುಂದಿನ ಗಾಜಿನ ಮೇಲೆ ದೇವರ ಪಟ, ಅದಕ್ಕೆ ಬಾಡಿದ ಸೇವಂತಿಗೆ ಹಾರ. ಮಾಡ್ ನೋಡಿದ ಆ ತಂದೆ, “ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ಹೀಗೆ ಕೂಗೋದಿಲ್ಲಪ್ಪ, ಇನ್ನೂ ಭಾರವಾಗಿ ಕೇಳಿಸುತ್ತೆ” ಎಂದು ಹೇಳಿ ಕಳುಹಿಸಿದರು. ಧ್ವನಿಯ ಕೆಲಸ ನೋಡಿಕೊಳ್ಳುತ್ತಿದ್ದ ನಮ್ಮ ಗೆಳೆಯ ಆಗ ತಂಡ ಬಿಡುವ ಮಾತಾಡುತ್ತಿದ್ದ; ಈ ಮಾತು ಕೇಳಿದ ವಾರವೇ ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಬಸ್ಸನ್ನೇ ಬದುಕಾಗಿಸಿಕೊಂಡವರು ನಮ್ಮ ಕೆಲಸವನ್ನು ಇಷ್ಟು ಗಂಭೀರವಾಗಿ ಕೇಳಿಸಿಕೊಂಡದ್ದು ನಮಗೆಲ್ಲರಿಗೂ ದೊಡ್ಡ ಮನ್ನಣೆಯಾಗಿತ್ತು.

ದೇಣಿಗೆ ಕೊಡಲು ಮುಂದೆ ಬಂದವರೂ ಇದ್ದಾರೆ. ಹಣ ಪಡೆದರೆ ಗಡುವು ಹುಟ್ಟುತ್ತದೆ, ಬಿಡುವಿನ ಕೆಲಸ ಸಾಲವಾಗುತ್ತದೆ ಎಂಬ ಕಾರಣಕ್ಕೆ ನಾವು ಪಡೆಯಲಿಲ್ಲ. ಅದರ ಬದಲು ಅರ್ಧ ಮುಗಿದ ಕೆಲಸವನ್ನೂ ಮುಚ್ಚಿಡದೆ ತೋರಿಸುತ್ತೇವೆ, ಸುಳಿವು ಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಪಡೆದು ಮಾಡ್‌ನ ವಿವರಣೆಯಲ್ಲಿ ಸೇರಿಸುತ್ತೇವೆ. ಈಶಾನ್ಯ ಸಾರಿಗೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯಾದ ಮೇಲೆ ಬಸ್ಸಿನ ಮೇಲಿನ ಬರಹವೂ ಬದಲಾಗಬೇಕೆಂದು ಒತ್ತಾಯಿಸಿದ ಕಲಬುರಗಿಯ ಆಟಗಾರರೊಬ್ಬರು ಆ ಬರಹದ ಚಿತ್ರಗಳನ್ನು ತಾವೇ ಬರೆದುಕೊಟ್ಟರು. ಆ ಭಾಗದ ಬಸ್ಸುಗಳ ಬಣ್ಣ, ಬರಹಗಳೆಲ್ಲ ಈಗ ಅವರದೇ ಜವಾಬ್ದಾರಿ.