ಪ್ರೈರಿಯಲ್ಲಿ ದನವೂ ಮೇಯಬೇಕು, ಹೂಗಿಡವೂ ಉಳಿಯಬೇಕು: ಮಾಡುವುದು ಹೇಗೆ?

ಅಮೆರಿಕದ ಎತ್ತರ ಹುಲ್ಲಿನ ಪ್ರೈರಿಯಲ್ಲಿ (ವಿಶಾಲ ಹುಲ್ಲುಗಾವಲಿನಲ್ಲಿ) ಬಹುಪಾಲು ಮೆಕ್ಕೆಜೋಳ, ಸೋಯಾ ಹೊಲವಾಗಿ ಹೋಗಿದೆ. ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ಮಾತ್ರ ಮಣ್ಣು ತೆಳು, ಕಲ್ಲು ಜಾಸ್ತಿ, ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. ಹಾಗಂತ ಬೇಲಿ ಹಾಕಿ ಸುಮ್ನೆ ಬಿಟ್ಟರೆ ಆಗದು. ಬಿಗ್ ಬ್ಲೂಸ್ಟೆಮ್ ಎನ್ನುವ ಹುಲ್ಲು ಆಳೆತ್ತರ ಬೆಳೆದು ಕೆಳಗಿನ ಗಿಡಗಳಿಗೆ ಬಿಸಿಲೇ ತಾಗದ ಹಾಗೆ ಮಾಡುತ್ತದೆ. ಅದನ್ನು ತಗ್ಗಿಸಲು ಮೇಯುವ ಬಾಯಿ ಬೇಕು, ಹಳೇ ಒಣಹುಲ್ಲು ತೆಗೆಯಲು ಬೆಂಕಿ ಬೇಕು. ಆದರೆ ಎಲ್ಲ ಕಡೆ ಒಂದೇ ಸಲ ಬೇಡ.

ಜಾಗವನ್ನು ಮೂರು ಭಾಗ ಮಾಡಿಕೊಳ್ಳಿ. ಒಳಗೆ ಬೇಲಿ ಬೇಡ, ಸುತ್ತಲಿನದ್ದೇ ಸಾಕು. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಭಾಗಕ್ಕೆ ಮಾತ್ರ ಬೆಂಕಿ ಕೊಡಿ. ಅದಕ್ಕೂ ಮೊದಲು ಅನುಮತಿ ಪಡೆದು, ಸುತ್ತ ಬೆಂಕಿ ರೇಖೆ ಮಾಡಿ, ಗಾಳಿ ನೋಡಿಕೊಂಡು, ಅನುಭವ ಇರುವವರನ್ನು ಜೊತೆಗಿಟ್ಟುಕೊಂಡೇ ಕಡ್ಡಿ ಗೀರಬೇಕು. ಸ್ವಲ್ಪ ದಿನಕ್ಕೆ ಕಪ್ಪು ನೆಲದಲ್ಲಿ ಚಿಗುರು ಏಳುತ್ತದೆ. ಅದರಲ್ಲಿ ಪ್ರೋಟೀನ್ ಜಾಸ್ತಿ, ದನಗಳನ್ನು ಯಾರೂ ಹೊಡೆದುಕೊಂಡು ಹೋಗಬೇಕಿಲ್ಲ, ತಾವೇ ಹೋಗಿ ಬುಡದವರೆಗೂ ಮೇಯುತ್ತವೆ. ಬಗ್ಗಿ ನೋಡಿ: ಹುಲ್ಲು ಮೋಟಾಗಿರುತ್ತದೆ, ಅದರ ಪಕ್ಕ ದನ ಬಾಯಿ ಹಾಕದ ಹೂಗಿಡಗಳು ಬಿಸಿಲಿಗೆ ಎಲೆ ಬಿಚ್ಚಿಕೊಂಡಿರುತ್ತವೆ. ಅಷ್ಟು ಹೊತ್ತು ಉಳಿದ ಎರಡು ಭಾಗಕ್ಕೆ ವಿಶ್ರಾಂತಿ. ಮುಂದಿನ ವರ್ಷ ಎರಡನೆಯದು, ಆಮೇಲೆ ಮೂರನೆಯದು, ಮತ್ತೆ ಮೊದಲಿಂದ.

ಎಡವುವುದು ಹೆಚ್ಚಾಗಿ ದನದ ಲೆಕ್ಕದಲ್ಲಿ. ಜಾಸ್ತಿ ಬಿಟ್ಟರೆ ಹಳೇ ಹುಲ್ಲನ್ನೂ ತಿಂದು ಮುಗಿಸುತ್ತವೆ, ಮುಂದಿನ ಸಲ ಬೆಂಕಿ ಹಬ್ಬಲು ಏನೂ ಇರುವುದಿಲ್ಲ. ಬೆಂಕಿ ತಪ್ಪಿದರೆ ರೆಡ್ ಸೀಡರ್ ಮರ ನುಗ್ಗುತ್ತದೆ, ಅದು ಸಸಿಯಾಗಿದ್ದಾಗ ಸುಡುವುದೇ ಸುಲಭ. ಏಷ್ಯಾದಿಂದ ಹೋದ ಸೆರಿಸಿಯಾ ಲೆಸ್ಪಿಡೀಜಾ ಎಂಬ ಕಳೆ ಬಲಿತ ಮೇಲೆ ಒಗರಾಗುತ್ತದೆ, ದನ ಮುಟ್ಟುವುದಿಲ್ಲ; ಸುಟ್ಟ ಜಾಗದಲ್ಲಿ ಎಳೆಯದಾಗಿ ಸಿಕ್ಕರೆ ಹುಲ್ಲಿನ ಜೊತೆ ತಿನ್ನುತ್ತವೆ. ದಯವಿಟ್ಟು ಇಡೀ ಜಾಗಕ್ಕೆ ಕಳೆನಾಶಕ ಹೊಡೆಯಬೇಡಿ, ಉಳಿಸಬೇಕಾದ ಹೂಗಿಡಗಳೇ ಮೊದಲು ಸಾಯುತ್ತವೆ.

ಬೈಸನ್ ಸಿಕ್ಕರೆ ಇನ್ನೂ ಒಳ್ಳೆಯದು (ಇದು ಅಮೆರಿಕದ ದೊಡ್ಡ ಕಾಡುದನ, ನಮ್ಮ ಕಾಟಿ ಅಲ್ಲ). ಕಾನ್ಸಾಸ್‌ನ ಕೊಂಜಾ ಪ್ರೈರಿಯಲ್ಲಿ ಸುಮಾರು ಮೂರು ದಶಕ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೈಸನ್ ಮೇಯ್ದ ಕಡೆ ಸ್ಥಳೀಯ ಸಸ್ಯ ಜಾತಿಗಳು ಹೆಚ್ಚುಕಡಿಮೆ ದುಪ್ಪಟ್ಟಾದವು. ದನ ಮೇಯ್ದಲ್ಲೂ ಹೆಚ್ಚಿದವು, ಆದರೆ ಅಷ್ಟಲ್ಲ.

ಒಂದು ಎಚ್ಚರಿಕೆ. ನಮ್ಮ ಗೋಮಾಳ, ಕಾವಲುಗಳ ಮಳೆ ಬೇರೆ, ಹುಲ್ಲು ಬೇರೆ, ಕಾನೂನೂ ಬೇರೆ, ಅಲ್ವಾ? ಅಲ್ಲಿಗೆ ಈ ಬೆಂಕಿಯನ್ನು ತರಬೇಡಿ. ಪ್ರೈರಿಯಲ್ಲೂ ಬರಗಾಲದ ವರ್ಷ ಮೊದಲು ದನ ಕಡಿಮೆ ಮಾಡಿ, ಬೆಂಕಿಯನ್ನು ಮುಂದಕ್ಕೆ ಹಾಕಿ.