ಟೊರೆಂಟ್ ಬಿಚ್ಚಿ ನೋಡಿದ ಮಳೆಗಾಲ

ಉಡುಪಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಜುಲೈ ತಿಂಗಳಲ್ಲಿ ಗಿರಾಕಿಗಳು ಕಡಿಮೆ. ಬಂದರೂ ನೀರು ಹೋದ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಅಂಥ ಒಂದು ಹಳೇ ಲ್ಯಾಪ್‌ಟಾಪ್ ಒಣಗಿಸಿ, ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಡೆಬಿಯನ್ ಲಿನಕ್ಸ್ ಹಾಕಬೇಕಿತ್ತು. ಡಿವಿಡಿ ಫೈಲ್ ಸುಮಾರು 4 ಜಿಬಿ. ಬ್ರೌಸರ್‌ನಲ್ಲಿ ಇಳಿಸಲು ಕೂತೆ. ಮಳೆ ಜೋರಾದರೆ ಇಲ್ಲಿ ಕರೆಂಟ್ ಇರುವುದಿಲ್ಲ, ಅಲ್ವಾ? ಮೂರು ಸಲ ಹೋಯಿತು, ಮೂರು ಸಲವೂ ಸೊನ್ನೆಯಿಂದ ಶುರು.

ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. "ಟೊರೆಂಟ್ ಹಾಕು ಮಾರಾಯಾ, ಎಂತ ಬ್ರೌಸರ್ ಹಿಡ್ಕೊಂಡು ಕೂತಿದ್ದಿ?" ಅಂದ.

ಟೊರೆಂಟ್ ಅಂದರೆ ಕದ್ದ ಸಿನಿಮಾ ಅಂತಲೇ ನಾನು ತಿಳಿದಿದ್ದೆ. ನೋಡಿದರೆ ಅದು ಯಾವ ಫೈಲನ್ನಾದರೂ ಜನರಿಂದ ಜನರಿಗೆ ತುಂಡು ತುಂಡಾಗಿ ಇಳಿಸುವ ದಾರಿ. ಡೆಬಿಯನ್‌ನವರೇ ತಮ್ಮ ಸೈಟಿನಲ್ಲಿ ಟೊರೆಂಟ್ ಕೊಡುತ್ತಾರೆ. ಹಾಕಿದೆ. ಆ ಸಂಜೆ ಕರೆಂಟ್ ಎರಡು ಸಲ ಹೋಯಿತು. ಎರಡು ಸಲವೂ ನಿಂತಲ್ಲಿಂದಲೇ ಮುಂದುವರಿಯಿತು. ಇದು ಹೇಗೆ ಅಂತ ತಲೆಗೆ ಹುಳ ಬಿಟ್ಟ ಹಾಗಾಯಿತು. ಅಂಗಡಿಯಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಮೊದಲು ಟೊರೆಂಟ್ ಫೈಲನ್ನೇ ಬಿಚ್ಚಿ ನೋಡಿದೆ. ಅದರಲ್ಲಿ ಲಿನಕ್ಸ್ ಇಲ್ಲ. ಫೈಲಿನ ಹೆಸರು, ಅಳತೆ, ಟ್ರ್ಯಾಕರ್ ಅನ್ನುವ ಸರ್ವರಿನ ವಿಳಾಸ, ಆಮೇಲೆ ಉದ್ದಕ್ಕೆ ಓದಲಾಗದ ಅಕ್ಷರಗಳ ರಾಶಿ. ಆ ರಾಶಿಯೇ ಮುಖ್ಯ. ಫೈಲನ್ನು ತುಂಡು ಮಾಡಿ, ಒಂದೊಂದು ತುಂಡಿಗೂ 20 ಬೈಟಿನ ಒಂದು ಬೆರಳಚ್ಚು (ಆ ತುಂಡಿನಿಂದಲೇ ಲೆಕ್ಕ ಹಾಕಿದ ಗುರುತು) ತೆಗೆದು ಅಲ್ಲಿ ಬರೆದಿಟ್ಟಿರುತ್ತಾರೆ. ಲೆಕ್ಕ ಹಾಕಿ: 4 ಜಿಬಿ ಫೈಲನ್ನು 256 ಕೆಬಿ ತುಂಡು ಮಾಡಿದರೆ 16,384 ತುಂಡುಗಳು. ಬೆರಳಚ್ಚುಗಳಿಗೇ 320 ಕೆಬಿ ಬೇಕು. ತುಂಡು ಬಂದ ಕೂಡಲೇ ಬೆರಳಚ್ಚು ಹೋಲಿಸುವುದು, ಸರಿಯಿದ್ದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಸಾಡುವುದು. ಕರೆಂಟ್ ಹೋದರೆ ಅರ್ಧಕ್ಕೆ ನಿಂತ ತುಂಡು ಮಾತ್ರ ನಷ್ಟ.

ಓದಿದ್ದನ್ನು ನಂಬುವ ಜಾತಿ ನನ್ನದಲ್ಲ. ಇಳಿದು ಮುಗಿದ ಫೈಲನ್ನು, ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು, ನಡುವೆ ಎಲ್ಲೋ ಒಂದೇ ಒಂದು ಬೈಟ್ ಬದಲಿಸಿದೆ. ಟೊರೆಂಟ್ ಪ್ರೋಗ್ರಾಮಿಗೆ ಮತ್ತೆ ಚೆಕ್ ಮಾಡಲು ಹೇಳಿದೆ. ಅದು ಎಲ್ಲವನ್ನೂ ಓದಿ 99.9 ಪರ್ಸೆಂಟ್ ಅಂತ ತೋರಿಸಿತು. ನಾನು ಕೆಡಿಸಿದ ಆ ಒಂದು ತುಂಡನ್ನು ಮಾತ್ರ ಬಿಸಾಡಿ, ಹೊಸದು ತರಿಸಿ, ಮತ್ತೆ 100 ಮಾಡಿತು. ಅಷ್ಟು ಹೊತ್ತಿಗೆ ನನ್ನ ಚಹಾ ಆರಿಹೋಗಿತ್ತು.

ತುಂಡುಗಳು ಬರುವುದು ಎಲ್ಲಿಂದ? ಪಿಯುಸಿಯಲ್ಲಿ ಪರೀಕ್ಷೆ ಹತ್ತಿರ ಬಂದಾಗ ಒಬ್ಬಳ ನೋಟ್ಸ್ ಇಡೀ ಕ್ಲಾಸಿಗೆ ಬೇಕಾಗುತ್ತಿತ್ತು. ಪಿನ್ ಬಿಚ್ಚಿ ಹಾಳೆ ಹಾಳೆ ಹಂಚುತ್ತಿದ್ದೆವು. ನನ್ನ ಹತ್ತಿರ ಮೂರನೇ ಹಾಳೆ, ಇನ್ನೊಬ್ಬನ ಹತ್ತಿರ ಏಳನೆಯದು. ಬರೆದುಕೊಂಡು ಬದಲಿಸಿಕೊಳ್ಳುವುದು. ಯಾವ ಹಾಳೆ ಒಬ್ಬನ ಕೈಯಲ್ಲಿ ಮಾತ್ರ ಇದೆಯೋ ಅದನ್ನು ಮೊದಲು ಬರೆದುಕೊಳ್ಳಬೇಕು. ಅವನು ಬಸ್ ಹತ್ತಿದರೆ ಕೆಲಸ ಕೆಟ್ಟಿತು! ಟೊರೆಂಟ್ ನಡೆಸುವ ವ್ಯವಸ್ಥೆಯಾದ ಬಿಟ್‌ಟೊರೆಂಟ್ ಮಾಡುವುದೂ ಇದನ್ನೇ. ಎಲ್ಲರಿಗಿಂತ ಕಡಿಮೆ ಜನರ ಬಳಿ ಇರುವ ತುಂಡಿಗೆ ಮೊದಲು ಕೈ ಹಾಕುತ್ತದೆ. ಕೊಟ್ಟವನಿಗೆ ಕೊಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ಯಾರು ಎಷ್ಟು ಕೊಟ್ಟರು ಅಂತ ನೋಡುತ್ತದೆ. ಆದರೆ 30 ಸೆಕೆಂಡಿಗೊಮ್ಮೆ ಸುಮ್ನೆ ಯಾರೋ ಒಬ್ಬನಿಗೆ ಲಾಟರಿ ಹೊಡೆದ ಹಾಗೆ ಅವಕಾಶ ಕೊಡುತ್ತದೆ. ಇಲ್ಲದಿದ್ದರೆ ಕೈಯಲ್ಲಿ ಏನೂ ಇಲ್ಲದೆ ಹೊಸದಾಗಿ ಬಂದವನು ಶುರು ಮಾಡುವುದು ಹೇಗೆ?

ಟ್ರ್ಯಾಕರ್ ಅಂದರೆ ಹಾಳೆ ಯಾರ್ಯಾರ ಹತ್ತಿರ ಕೇಳಬಹುದು ಅಂತ ಹೇಳುವವನು, ಅಷ್ಟೇ. 1999ರಲ್ಲಿ ಬಂದ, ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳೆಲ್ಲ ಜನರ ಕಂಪ್ಯೂಟರ್‌ಗಳಲ್ಲೇ ಇದ್ದವು, ಆದರೆ ಯಾರ ಬಳಿ ಏನಿದೆ ಅನ್ನುವ ಪಟ್ಟಿ ಕಂಪನಿಯ ಸರ್ವರಿನಲ್ಲಿತ್ತು. ಕೋರ್ಟಿನ ಆದೇಶದಿಂದ 2001ರಲ್ಲಿ ಆ ಸರ್ವರ್ ನಿಂತಿತು, ಎಲ್ಲವೂ ನಿಂತಿತು. ಬ್ರಾಮ್ ಕೋಹೆನ್ ಅನ್ನುವ ಪ್ರೋಗ್ರಾಮರ್ ಬಿಟ್‌ಟೊರೆಂಟ್ ಹೊರತಂದದ್ದೂ ಅದೇ 2001ರಲ್ಲಿ. ಇದರಲ್ಲಿ ಟ್ರ್ಯಾಕರ್ ಯಾರು ಬೇಕಾದರೂ ನಡೆಸಬಹುದು. 2005ರ ಹೊತ್ತಿಗೆ ಟ್ರ್ಯಾಕರ್ ಇಲ್ಲದೆಯೂ ಒಬ್ಬರನ್ನೊಬ್ಬರು ಕೇಳಿಕೊಂಡು ಹುಡುಕುವ ವ್ಯವಸ್ಥೆ ಬಂತು.

ಇಷ್ಟಾದರೂ ಒಂದು ತೃಪ್ತಿ ಇರಲಿಲ್ಲ. ಕಂಪ್ಯೂಟರ್‌ಗಳು ತಂತಿಯಲ್ಲಿ ಆಡಿಕೊಳ್ಳುವ ಮಾತು ಕಣ್ಣಿಗೆ ಕಾಣುತ್ತಿರಲಿಲ್ಲ. ಗೆಳೆಯ ಹೇಳಿದ, "ಹಾಗಾದ್ರೆ ಐಆರ್‌ಸಿ ನೋಡು. ಅದ್ರಲ್ಲಿ ಮುಚ್ಚುಮರೆ ಎಂತದೂ ಇಲ್ಲ."

ಐಆರ್‌ಸಿ ಹಳೇ ಚಾಟ್. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೋ ಒಯ್ಕಾರಿನೆನ್ 1988ರಲ್ಲಿ ಬರೆದದ್ದು. ಅಂಗಡಿಯ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪಿನಲ್ಲಿ ಐಆರ್‌ಸಿ ಸರ್ವರ್ ಹಾಕಿದೆ. ಚಾಟ್ ಪ್ರೋಗ್ರಾಮ್ ಇಲ್ಲದೆ, ಹೊಡೆದದ್ದನ್ನು ಹಾಗೇ ಕಳಿಸುವ ನೆಟ್‌ಕ್ಯಾಟ್ ಅನ್ನುವ ಪುಟ್ಟ ಪ್ರೋಗ್ರಾಮಿನಲ್ಲಿ ಸರ್ವರಿನ 6667ನೇ ಪೋರ್ಟಿಗೆ, ಅಂದರೆ ಆ ನಂಬರಿನ ಬಾಗಿಲಿಗೆ ಹೋಗಿ ಕೈಯಲ್ಲೇ ಟೈಪ್ ಮಾಡಿದೆ. ನಿಕ್ ಅಂತ ಹೊಡೆದು ಹೆಸರು, ಯೂಸರ್ ಅಂತ ಹೊಡೆದು ಗುರುತು, ಜಾಯಿನ್ ಅಂತ ಹೊಡೆದು ಕೋಣೆಯ ಹೆಸರು. ಅಷ್ಟೇ, ಒಳಗೆ! ನಾನು ಹೊಡೆದ ಸಾಲು ಸರ್ವರಿಗೆ ಹೋಗುತ್ತದೆ, ಸರ್ವರ್ ಅದನ್ನು ಕೋಣೆಯಲ್ಲಿರುವ ಉಳಿದವರಿಗೆಲ್ಲ ಕಳಿಸುತ್ತದೆ. ಮಾತೆಲ್ಲ ನಡುವಿನವನ ಮೂಲಕವೇ.

ಗೋಳಿಬಜೆ ತರಲು ಹೋಗಿ ಬಂದೆ. ನೋಡಿದರೆ ನನ್ನನ್ನು ಹೊರಗೆ ಹಾಕಿತ್ತು. ಸರ್ವರ್ ಆಗಾಗ 'ಪಿಂಗ್' ಅಂತ ಕರೆಯುತ್ತದೆ, ನಾವು 'ಪಾಂಗ್' ಅಂತ ಓಗೊಡಬೇಕು. ಚಾಟ್ ಪ್ರೋಗ್ರಾಮ್ ನಮಗೆ ಗೊತ್ತಾಗದ ಹಾಗೆ ಈ ಕೆಲಸ ಮಾಡುತ್ತಾ ಇರುತ್ತದೆ. ಕೈಯಲ್ಲಿ ಟೈಪ್ ಮಾಡುವವನು ಗೋಳಿಬಜೆಗೆ ಹೋಗಬಾರದು.

ಇನ್ನೊಂದು ತಮಾಷೆ ಕನ್ನಡದಲ್ಲಿ ಬರೆದಾಗ ಆಯಿತು. ಸ್ವಲ್ಪ ಉದ್ದದ ಸಾಲು ಹೊಡೆದೆ, ಆ ಕಡೆ ಬಾಲ ಕತ್ತರಿಸಿ ಬಂತು. ಕೊನೆಯ ಅಕ್ಷರ ಒಡೆದು ಪ್ರಶ್ನೆ ಚಿಹ್ನೆಯಾಗಿತ್ತು. ಐಆರ್‌ಸಿಯಲ್ಲಿ ಒಂದು ಸಾಲಿಗೆ ಹೆಚ್ಚೆಂದರೆ 512 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೂ ಮೂರು, ಗುಣಿತಕ್ಕೂ ಮೂರು. 'ಮಂಗಳೂರು' ಅಂತ ಬರೆದರೆ 21 ಬೈಟ್ ಖರ್ಚು. ನಾವು ಜಾಸ್ತಿ ಮಾತಾಡುವವರು ಅಂತ ಫಿನ್ಲೆಂಡಿನವರಿಗೆ ಗೊತ್ತಿರಲಿಲ್ಲ.

ಆಮೇಲೆ ಬಂತು ಅಸಲಿ ಪಾಠ. ಐಆರ್‌ಸಿಯಲ್ಲಿ ಫೈಲ್ ಕಳಿಸಲು ಡಿಸಿಸಿ ಅಂತ ಒಂದು ದಾರಿ ಇದೆ. ಫೈಲ್ ಸರ್ವರಿಗೆ ಹೋಗುವುದಿಲ್ಲ, ನೇರವಾಗಿ ಇವನಿಂದ ಅವನಿಗೆ. ಒಂದು ಹೊರಗಿನ ಸರ್ವರಿನಲ್ಲಿ ಗೆಳೆಯನೂ ನಾನೂ ಸೇರಿ, ಯಕ್ಷಗಾನದ ಕೆಲವು ಫೋಟೊ ಕಳಿಸಲು ನೋಡಿದೆ. ಮಾತು ಹೋಗುತ್ತದೆ, ಫೋಟೊ ಹೋಗುವುದಿಲ್ಲ.

"ಕನೆಕ್ಟಿಂಗ್ ಕನೆಕ್ಟಿಂಗ್ ಅಂತಲೇ ಉಂಟು ಮಾರಾಯಾ. ನಿನ್ನ ರೌಟರ್‌ನಲ್ಲಿ ಎಂತದೋ ಉಂಟು."

ಕಳಿಸಿದ ಸಂದೇಶವನ್ನು ಹಾಗೇ ತೆಗೆದು ನೋಡಿದೆ. ಫೈಲ್ ಹೆಸರು, 3232235781 ಅಂತ ಒಂದು ಉದ್ದ ಸಂಖ್ಯೆ, ಪೋರ್ಟ್, ಅಳತೆ. ಆ ಉದ್ದ ಸಂಖ್ಯೆ ನನ್ನ ಐಪಿ ವಿಳಾಸವೇ, ಒಂದೇ ಅಂಕೆಯಾಗಿ ಬರೆದದ್ದು. ಕ್ಯಾಲ್ಕುಲೇಟರ್ ಹಿಡಿದು ಭಾಗಿಸುತ್ತಾ ಹೋದರೆ 192.168.1.5 ಬಂತು. ನಗು ತಡೆಯಲಿಲ್ಲ. ಅದು ನನ್ನ ಅಂಗಡಿಯೊಳಗಿನ ನಂಬರ್. ಊರು, ಬೀದಿ ಬರೆಯದೆ 'ಐದನೇ ಮನೆ' ಅಂತ ಕಾಗದ ಹಾಕಿದ ಹಾಗೆ. ಗೆಳೆಯನ ಮನೆಯಲ್ಲಿ ಆ ನಂಬರ್ ಅವನ ಪ್ರಿಂಟರಿನದ್ದಂತೆ. ಪಾಪ, ಅವನ ಲ್ಯಾಪ್‌ಟಾಪ್ ನನ್ನ ಫೋಟೊವನ್ನು ಅವನದೇ ಪ್ರಿಂಟರ್ ಹತ್ತಿರ ಕೇಳುತ್ತಾ ಕೂತಿತ್ತು.

ಹೊರಗಿನ ವಿಳಾಸ ಹಾಕಿದೆ. ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಅಂದರೆ ಹೊರಗಿಂದ ಆ ಬಾಗಿಲಿಗೆ ಬಂದವರನ್ನು ನನ್ನ ಕಂಪ್ಯೂಟರಿಗೆ ಕಳಿಸಲು ಹೇಳಿದೆ. ಆದರೂ ಇಲ್ಲ. ಎರಡು ದಿನ ಕಳೆದ ಮೇಲೆ ರೌಟರಿಗೆ ಸಿಕ್ಕಿದ ವಿಳಾಸ ನೋಡುವ ಬುದ್ಧಿ ಬಂತು. 100.ರಿಂದ ಶುರುವಾಗಿ, ಮುಂದಿನ ಅಂಕೆ 64 ಮತ್ತು 127ರ ನಡುವೆ ಇತ್ತು. ಇಂಟರ್‌ನೆಟ್ ಕೊಡುವವರು ಹಲವು ಗಿರಾಕಿಗಳನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸಲು ಇಟ್ಟಿರುವ ಸಾಲು ಅದು. ನನ್ನ ಬಾಗಿಲು ತೆರೆದರೇನು, ಫ್ಲ್ಯಾಟಿನ ಗೇಟಿಗೇ ಬೀಗ! ನಮ್ಮ ನೆಟ್‌ನವರನ್ನು ಕೇಳಿದರೆ ಪಬ್ಲಿಕ್ ಐಪಿಗೆ, ಅಂದರೆ ಹೊರಗಿನವರು ನೇರವಾಗಿ ತಲುಪಬಹುದಾದ ಸ್ವಂತ ವಿಳಾಸಕ್ಕೆ, ಬೇರೆ ದುಡ್ಡು ಅಂದರು.

ಪುಣ್ಯಕ್ಕೆ ಗೆಳೆಯನಿಗೆ ಪಬ್ಲಿಕ್ ಐಪಿ ಇತ್ತು. ಡಿಸಿಸಿಯನ್ನು ತಿರುಗಿಸಿದೆವು. ಬಾಗಿಲು ತೆರೆದು ಅವನು ಕಾದ, ನಾನು ಹೋಗಿ ಕೊಟ್ಟು ಬಂದೆ. ಫೋಟೊ ಸರ್ರನೆ ಹೋಯಿತು.

ಆಗ ಟೊರೆಂಟಿನದ್ದೂ ಅರ್ಥವಾಯಿತು. ಬೀಗದ ಹಿಂದಿದ್ದೂ ನನಗೆ ಡೆಬಿಯನ್ ಸಿಕ್ಕಿದ್ದು, ನಾನೇ ಹೊರಗೆ ಹೋಗಿ ಬಾಗಿಲು ತೆರೆದಿದ್ದವರನ್ನು ಕಂಡದ್ದರಿಂದ. ಇಬ್ಬರೂ ಬೀಗದ ಹಿಂದಿದ್ದರೆ ನೇರ ಸಂಪರ್ಕ ಕಷ್ಟ. ಒಳಗಿಂದ ಇಬ್ಬರೂ ಒಟ್ಟಿಗೆ ತಳ್ಳಿ ದಾರಿ ಮಾಡುವ ಉಪಾಯ ಇದೆ, ಎಲ್ಲ ಕಡೆ ನಡೆಯುವುದಿಲ್ಲ. ವಾಟ್ಸಾಪ್ ಸಂದೇಶ ಸರ್ವರ್ ದಾಟಿಯೇ ಬರುತ್ತದೆ. ಆದರೆ ಇಬ್ಬರ ನಡುವಿನ ಕಾಲ್ ಫೋನಿನಿಂದ ಫೋನಿಗೆ ನೇರವಾಗಿಯೂ ಹೋಗಬಹುದು. ಕಾಲ್‌ನಲ್ಲಿ ಐಪಿ ವಿಳಾಸ ಮುಚ್ಚಿಡುವ ಸೆಟ್ಟಿಂಗ್ ಅದರಲ್ಲಿ ಇರುವುದು ಅದಕ್ಕೇ.

ಹೌದು, ನೇರ ಅಂದ ಮೇಲೆ ವಿಳಾಸ ಕಾಣುತ್ತದೆ. ನನ್ನ ಟೊರೆಂಟ್ ಪಟ್ಟಿಯಲ್ಲಿ ಜರ್ಮನಿ, ಜಪಾನ್ ಬಾವುಟಗಳ ಪಕ್ಕ ಎಲ್ಲರ ಐಪಿಯೂ ಇತ್ತು. ನನ್ನದು ಅವರ ಪಟ್ಟಿಯಲ್ಲಿ. "ಯಾರಿಗೂ ಗೊತ್ತಾಗಲ್ಲ ಅಣ್ಣ" ಅಂತ ಸಿನಿಮಾ ಇಳಿಸುವ ಹುಡುಗರಿಗೆ ಈಗ ಆ ಪಟ್ಟಿ ತೆರೆದು ತೋರಿಸುತ್ತೇನೆ.

ಡೆಬಿಯನ್ ಫೈಲ್ ಮೂಲೆಯ ಡೆಸ್ಕ್‌ಟಾಪಿನಲ್ಲಿ ಇನ್ನೂ ಸೀಡ್ ಆಗುತ್ತಿದೆ, ಅಂದರೆ ಬೇರೆಯವರಿಗೆ ಹಂಚಿಕೆಯಾಗುತ್ತಿದೆ, ಅಪ್‌ಲೋಡ್ ಮಿತಿ ಸೆಕೆಂಡಿಗೆ 200 ಕೆಬಿಗೆ ಇಟ್ಟಿದ್ದೇನೆ. ಕರೆಂಟ್ ಇದ್ದಾಗ.